ಪಥ್ಯದ ಬ್ರೆಡ್ಡು

ನನ್ನ ತಂಗಿಯ ಮೊಮ್ಮಗಳಿಗೆ ಕಳೆದ ಆರು ವಾರಗಳಿಂದ ದಿನವೂ ಎರಡು ಹೊತ್ತು ಚಪಾತಿ ತಿನ್ನಿಸುತ್ತಿದ್ದಾರೆ. ಹುಡುಗಿಗೆ ಹನ್ನೊಂದು ವರ್ಷ. ತಾಯಿಗೂ ಅಜ್ಜಿಗೂ ಗೋಧಿ ಸಂಪೂರ್ಣ ವರ್ಜ್ಯವಾಗಿರುವ ಮನೆಯಲ್ಲಿ ಮಗುವಿಗೆ ಮಾತ್ರ ಹಟ ಹಿಡಿದು ಗೋಧಿ ಉಣಿಸುವುದೇತಕ್ಕೆಂದು ನಮ್ಮ ಬಂಧುಗಳಲ್ಲಿ ಇಬ್ಬರು ಮೂವರು ಫೋನು ಮಾಡಿ ಕೇಳಿದರು. ಒಬ್ಬರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಬರೆದುಬಿಡೋಣವೆಂದು ಕುಳಿತೆ. ಬರೆಯಹೊರಟ ಮೇಲೆ ಅದು ಒಂದು ಮಗುವಿನ ಚಪಾತಿಯ ಮಾತಾಗಿ ಉಳಿಯಲಿಲ್ಲ. ನಮ್ಮ ಸೀಮೆಗೆ ಗೋಧಿ ಬಂದ ಬಗೆ, ಲಂಡನ್ನಿನ ಒಬ್ಬ ವೈದ್ಯರು, ಹಾಲೆಂಡಿನ ಒಂದು ಹಸಿವಿನ ಚಳಿಗಾಲ, ಗುಬ್ಬಿಯ ಒಂದು ಅಡಿಗೆಮನೆ ಎಲ್ಲವೂ ಅದರೊಳಕ್ಕೆ ಬಂದು ಸೇರಿಕೊಂಡವು. ಇತಿಹಾಸದ ಮೇಷ್ಟರ ಚಾಳಿ ನಿಮಗೆ ಗೊತ್ತೇ ಇದೆಯಲ್ಲ. ಪೀಠಿಕೆಯಿಲ್ಲದೆ ಪಾಠ ಆರಂಭಿಸಿದವನು ನಾನಲ್ಲ.

ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿ, ಬಾರ್ಲಿ ಎಂದರೆ ಜವೆಗೋಧಿ, ಮತ್ತು ನಮ್ಮಲ್ಲಿ ಬೆಳೆಯದ ರೈ ಎಂಬ ಧಾನ್ಯ, ಈ ಮೂರರಲ್ಲಿರುವ ಗ್ಲುಟೆನ್ ಎಂಬ ಪದಾರ್ಥ ಇದಕ್ಕೆ ಮೂಲ. ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಆ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತ ತೊಳೆಯಿರಿ. ಬಿಳಿಯ ಪಿಷ್ಟವೆಲ್ಲ ನೀರಿನೊಡನೆ ಹರಿದು, ಕೊನೆಗೆ ಬೆರಳ ಸಂದಿಯಲ್ಲಿ ರಬ್ಬರಿನಂತಹ ಜಿಗುಟೊಂದು ಉಳಿಯುತ್ತದೆ. ಅದೇ ಗ್ಲುಟೆನ್. ಚಪಾತಿ ತೆಳ್ಳಗೆ ಲಟ್ಟಿಸಲು ಬರುವುದು, ಬ್ರೆಡ್ಡು ಉಬ್ಬುವುದು, ಒಬ್ಬಟ್ಟಿನ ಕಣಕ ಹರಿಯದೆ ಹಿಗ್ಗುವುದು ಅದರ ಬಲದಿಂದ. ರಾಗಿಯಲ್ಲಿ ಅದು ಇಲ್ಲ. ಆದುದರಿಂದಲೇ ನಮ್ಮ ತಾಯಂದಿರು ರಾಗಿ ರೊಟ್ಟಿಯನ್ನು ಲಟ್ಟಿಸಲಿಲ್ಲ, ತಟ್ಟಿದರು.

ಹುಟ್ಟಿನಿಂದಲೇ ಒಂದು ಬಗೆಯ ಅನುವಂಶೀಯ ಒಲವಿರುವ ಕೆಲವರಲ್ಲಿ ಈ ಜಿಗುಟು ಸಣ್ಣಕರುಳನ್ನು ತಲುಪಿದಾಗ ದೇಹದ ರಕ್ಷಣಾಪಡೆಯೇ ತನ್ನ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದು ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಸಣ್ಣಕರುಳಿನ ಒಳಮೈಯಲ್ಲಿ ಬೆಳೆದು ನಿಂತ ಪೈರಿನಂತೆ ಕೋಟಿಗಟ್ಟಲೆ ಸೂಕ್ಷ್ಮ ಎಳೆಗಳಿರುತ್ತವೆ. ಉಂಡ ಅನ್ನದ ಸಾರವನ್ನು ಹೀರಿಕೊಳ್ಳುವುದು ಅವುಗಳ ಕೆಲಸ. ಸೀಲಿಯಾಕ್ ಇರುವವರಲ್ಲಿ ಆ ಪೈರು ಸವೆದು ಕೊಯ್ದ ಹೊಲದ ಕೂಳೆಯಂತಾಗುತ್ತದೆ. ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಅಂಶ ಹೀರಲ್ಪಡುವುದು ಸಣ್ಣಕರುಳಿನ ಮೊದಲ ಭಾಗದಲ್ಲಿ. ಮೊದಲು ಹಾಳಾಗುವುದೂ ಅದೇ. ಹಾಗಾಗಿ ಭೇದಿಯೇ ಇಲ್ಲದೆ ಬರಿಯ ರಕ್ತಹೀನತೆಯಾಗಿ, ಮೂಳೆಸವೆತವಾಗಿ, ಗರ್ಭ ನಿಲ್ಲದಿರುವಿಕೆಯಾಗಿಯೂ ಅದು ಕಾಣಿಸಿಕೊಳ್ಳಬಹುದು. ಔಷಧವಿಲ್ಲ. ಗೋಧಿಯನ್ನು ಬಿಟ್ಟರೆ ಪೈರು ಮತ್ತೆ ಚಿಗುರುತ್ತದೆ. ಬಿಟ್ಟದ್ದನ್ನು ಜೀವಮಾನವೆಲ್ಲ ಬಿಟ್ಟೇ ಇರಬೇಕು.

ನಮ್ಮದು ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಕೆರೆಯ ಅಚ್ಚುಕಟ್ಟಿನಲ್ಲಿ ತುಂಡು ಗದ್ದೆ, ಬೆದ್ದಲಿನಲ್ಲಿ ರಾಗಿ, ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಪಾಠ ಮಾಡಿದಾಗಲೆಲ್ಲ ನಿಮಗೆ ಹೇಳಿದ್ದೇನೆ: ಅಲ್ಲಿ ರಾಮನೆದುರು ಹೆಚ್ಚುಗಾರಿಕೆಗಾಗಿ ಜಗಳವಾಡುವುದು ಭತ್ತ ಮತ್ತು ನರೆದಲೆಗನೆಂಬ ರಾಗಿ. ಇಬ್ಬರಿಗೂ ಆರು ತಿಂಗಳ ಸೆರೆ. ಕೆಡದೆ ಉಳಿದು ಗೆದ್ದದ್ದು ರಾಗಿ. ಬಡವನ ಧಾನ್ಯಕ್ಕೂ ಉಳ್ಳವನ ಧಾನ್ಯಕ್ಕೂ ನಡೆದ ವ್ಯಾಜ್ಯವೆಂದು ಅದರ ಅರ್ಥವನ್ನು ಬಿಡಿಸುತ್ತಿದ್ದೆ. ಈಗ ಇನ್ನೊಂದು ಸಂಗತಿ ಕಾಣುತ್ತದೆ. ಆ ಜಗಳದಲ್ಲಿ ಗೋಧಿ ಎದುರಾಳಿಯೇ ಅಲ್ಲ. ನಮ್ಮ ಸೀಮೆಯಲ್ಲಿ ಅದು ಹಬ್ಬಕ್ಕೆ ಬರುವ ನೆಂಟನಾಗಿತ್ತು: ಯುಗಾದಿಯ ಒಬ್ಬಟ್ಟಿನ ಕಣಕ, ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ, ಬೀಗರು ಬಂದ ದಿನ ಶ್ಯಾವಿಗೆ. ಧಾರವಾಡ ವಿಜಾಪುರಗಳ ಕಡೆ ಗೋಧಿ ಬೆಳೆದು ಉಂಡವರಿದ್ದರು, ನಾವಲ್ಲ. ಇಂತಹ ನಾಡಿನಲ್ಲಿ ಸೀಲಿಯಾಕ್ ಹೊತ್ತು ಹುಟ್ಟಿದವರೂ ಅದನ್ನು ಅರಿಯದೆ ಮುದ್ದೆಯುಂಡು ಬಾಳಿ ಹೋಗಿರಬಹುದು.

ಗೋಧಿ ನಮ್ಮ ಹಳ್ಳಿಗೆ ದಿನನಿತ್ಯದ ಆಹಾರವಾಗಿ ಮೊದಲು ಬಂದದ್ದು ಶಾಲೆಯ ಮೂಲಕ. 1956ರಲ್ಲಿ ಭಾರತವು ಅಮೆರಿಕದೊಡನೆ ಪಿ.ಎಲ್. 480 ಒಪ್ಪಂದಕ್ಕೆ ಸಹಿ ಹಾಕಿತು. 1965-66ರಲ್ಲೂ 1966-67ರಲ್ಲೂ ಮಳೆ ಕೈಕೊಟ್ಟಿತು. 1966ರ ಒಂದೇ ವರ್ಷದಲ್ಲಿ ದೇಶ ಆಮದು ಮಾಡಿಕೊಂಡ ಧಾನ್ಯ ಒಂದು ಕೋಟಿ ಟನ್ನಿಗೂ ಮಿಕ್ಕಿತ್ತು, ಬಹುಪಾಲು ಅಮೆರಿಕದ ಗೋಧಿ. ಶಾಲೆಗೆ ಹಾಲಿನ ಪುಡಿಯ ಮೂಟೆ ಬಂತು, ಗೋಧಿ ನುಚ್ಚಿನ ಮೂಟೆ ಬಂತು. ಶಾಲೆಯ ಹಿಂದೆ ಮೂರು ಕಲ್ಲಿಟ್ಟು ಉಪ್ಪಿಟ್ಟು ಬೇಯಿಸುತ್ತಿದ್ದರು. ಆ ಘಮ ಇಂದಿಗೂ ನೆನಪಿದೆ. ಆ ಬರದ ದಿನಗಳಲ್ಲಿ ಮನೆಯಲ್ಲಿ ಒಂದೇ ಹೊತ್ತು ಒಲೆ ಉರಿಯುತ್ತಿದ್ದ ಎಷ್ಟೋ ಮಕ್ಕಳನ್ನು ಆ ಉಪ್ಪಿಟ್ಟು ಕಾಪಾಡಿತು. ಅದರ ಋಣವನ್ನು ಮರೆತು ಮಾತನಾಡುವವನಲ್ಲ ನಾನು.

ತಂಗಿ ನನಗಿಂತ ಮೂರು ವರ್ಷ ಚಿಕ್ಕವಳು. ಉಪ್ಪಿಟ್ಟು ತಿಂದ ದಿನ ಹೊಟ್ಟೆನೋವೆಂದು ಅಳುತ್ತಿದ್ದಳು. ಹೊಟ್ಟೆ ಉಬ್ಬರಿಸಿ, ಕೈಕಾಲು ಕಡ್ಡಿಯಾಗಿ, ಕೂದಲು ಕೆಂಚಾಗಿತ್ತು. ಜಂತುಹುಳುವೆಂದು ಔಷಧ ಕುಡಿಸಿದರು, ದೃಷ್ಟಿ ನಿವಾಳಿಸಿದರು. ಬೇಸಗೆಯ ರಜೆ ಬಂದು ಮನೆಯ ಮುದ್ದೆ, ಸೊಪ್ಪಿನ ಸಾರು ಉಂಡರೆ ಮೈ ಹಿಡಿಯುತ್ತಿದ್ದಳು. ಶಾಲೆಗೆ ಹೋಗಲು ಕಳ್ಳಾಟವೆಂದು ಅಪ್ಪ ಎರಡೇಟು ಹಾಕಿದ್ದೂ ಉಂಟು. ಅಂದು ಅವಳಿಗೆ ಇದೇ ಕಾಯಿಲೆಯಿತ್ತೆಂದು ನಾನು ಸಾಧಿಸಲಾರೆ. ಜಂತುಹುಳುವೂ ಇದ್ದಿರಬಹುದು, ಅರೆಹೊಟ್ಟೆಯಂತೂ ಇದ್ದೇ ಇತ್ತು. ಇದು ಸಾಕ್ಷ್ಯವಲ್ಲ, ಸುಳಿವು. ಎರಡಕ್ಕೂ ಇರುವ ಅಂತರವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿಕೊಟ್ಟವನು ಮನೆಯ ವಿಷಯದಲ್ಲಿ ಅದನ್ನು ಮೀರಬಾರದು.

1978ರಲ್ಲಿ ಅವಳನ್ನು ಗುಬ್ಬಿಗೆ ಕೊಟ್ಟೆವು. ತೆಂಗು ಅಡಕೆಯ ಮನೆ, ಒಳ್ಳೆಯ ಜನ. ಎರಡು ಸಲ ಗರ್ಭ ನಿಲ್ಲಲಿಲ್ಲ. ಆ ಮೇಲೆ ಒಬ್ಬ ಮಗ, ಒಬ್ಬಳು ಮಗಳು. ಬಿಳಿಚಿಕೊಂಡಿರುತ್ತಿದ್ದಳೆಂಬುದನ್ನು ಬಿಟ್ಟರೆ ಹೆಚ್ಚಿನ ತೊಂದರೆಯಿಲ್ಲದೆ ಹದಿನೆಂಟು ವರ್ಷ ಸಂಸಾರ ನಡೆಸಿದಳು. ಆ ಮನೆಯಲ್ಲಿ ಹಗಲು ಮುದ್ದೆ, ರಾತ್ರಿ ಅನ್ನ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರೆಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ನಮ್ಮ ಕಡೆ ಕಣಜದಲ್ಲಿ ರಾಗಿಗೆ ಕೊರತೆಯಿರಲಿಲ್ಲ. ಕೊರತೆಯಾದದ್ದು ರಾಗಿಯ ಮರ್ಯಾದೆಗೆ. ಸಿದ್ಧಗಂಗೆಯ ದಾಸೋಹದಲ್ಲಿ ಸಾವಿರಾರು ಮಕ್ಕಳು ಮುದ್ದೆಯುಂಡು ವಿದ್ಯಾವಂತರಾದದ್ದನ್ನು ಕಣ್ಣಾರೆ ಕಂಡ ತುಮಕೂರಿನಲ್ಲಿಯೇ, ನೆಂಟರು ಬಂದರೆ ಮುದ್ದೆಯ ಪಾತ್ರೆಯನ್ನು ಮುಚ್ಚಿಡುವ ಕಾಲ ಬಂತು.

1996ರಲ್ಲಿ ತಂಗಿಯ ಯಜಮಾನರಿಗೆ ಸಕ್ಕರೆ ಕಾಯಿಲೆಯೆಂದು ತಿಳಿಯಿತು. ರಾತ್ರಿ ಅನ್ನ ಬಿಡಿ, ಚಪಾತಿ ತಿನ್ನಿ ಎಂದರು ವೈದ್ಯರು. ಆ ಮಾತನ್ನು ಆ ದಶಕದಲ್ಲಿ ಕೇಳದ ಮನೆ ನಮ್ಮ ಜಿಲ್ಲೆಯಲ್ಲಿ ವಿರಳ. ಅಮೆರಿಕದ ಹಡಗುಗಳಿಂದ ಆಗದ ಕೆಲಸವನ್ನು ಸಕ್ಕರೆ ಕಾಯಿಲೆ ಮಾಡಿತೆಂಬುದು ನನ್ನ ಅಭಿಪ್ರಾಯ. ಹಳೆಯ ಮೈಸೂರಿನ ರಾತ್ರಿಯೂಟವನ್ನು ಅದು ಗೋಧಿಗೆ ತಿರುಗಿಸಿತು. ಒಬ್ಬರಿಗೆ ಚಪಾತಿ, ಉಳಿದವರಿಗೆ ಬೇರೆ ಎಂದು ಎರಡು ಅಡಿಗೆ ಮಾಡುವವರಾರು? ಮನೆಮಂದಿಯೆಲ್ಲ ಚಪಾತಿ ಹಿಡಿದರು. ಒಳ್ಳೆಯದಾಯಿತೆಂದು ನಾನೂ ಬೆನ್ನು ತಟ್ಟಿದೆ.

ಎರಡು ವರ್ಷಗಳಲ್ಲಿ ತಂಗಿ ಐವತ್ತೆರಡು ಕಿಲೋದಿಂದ ಮೂವತ್ತೊಂಬತ್ತಕ್ಕೆ ಇಳಿದಳು. ಹಿಮೋಗ್ಲೋಬಿನ್ ಆರು. ಕಬ್ಬಿಣದ ಮಾತ್ರೆ ನುಂಗಿದಳು, ಸೂಜಿ ಚುಚ್ಚಿಸಿಕೊಂಡಳು, ಎರಡು ಸಲ ರಕ್ತ ಹಾಕಿಸಿಕೊಂಡಳು. ಏರಿದ ರಕ್ತ ಮೂರು ತಿಂಗಳಲ್ಲಿ ಇಳಿಯುತ್ತಿತ್ತು. ಒಬ್ಬರು ಹುಣ್ಣು ಎಂದರು. ಇನ್ನೊಬ್ಬರು ಕರುಳಿನ ಕ್ಷಯವಿರಬಹುದೆಂದು, ಏನೂ ಖಚಿತವಾಗದಿದ್ದರೂ, ಒಂಬತ್ತು ತಿಂಗಳು ಕ್ಷಯದ ಔಷಧ ಕೊಟ್ಟರು. ನಾಟಿ ವೈದ್ಯರು ಗ್ರಹಣಿ ಎಂದು ಮಜ್ಜಿಗೆಯ ಪಥ್ಯ ಹೇಳಿದರು. ಚರಕಸಂಹಿತೆಯಲ್ಲಿ ಗ್ರಹಣಿಗೆಂದೇ ಒಂದು ಅಧ್ಯಾಯವಿದೆ, ಮಜ್ಜಿಗೆಯ ಹೊಗಳಿಕೆಯೂ ಇದೆ. ಆದರೆ ಆ ಒಂದು ಹೆಸರಿನ ಕೆಳಗೆ ಕರುಳಿನ ಹತ್ತು ಬಗೆಯ ಕಾಯಿಲೆಗಳು ಕುಳಿತಿವೆ. ಮಜ್ಜಿಗೆ ಅನ್ನವನ್ನೇ ಉಂಡ ಆ ಒಂದು ತಿಂಗಳು ಅವಳು ಚೇತರಿಸಿಕೊಂಡದ್ದು ನಿಜ. ಮಜ್ಜಿಗೆಯ ಗುಣವೆಂದುಕೊಂಡೆವು. ಚಪಾತಿ ಇಲ್ಲದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಈಗ ನನ್ನ ಪಾಲಿನ ಮಾತು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮಲ್ಲಿ ರೂಢಿ. ನಾನು ಭಾನುವಾರಗಳಲ್ಲಿ ತುಮಕೂರಿನಿಂದ ಬಸ್ಸು ಹತ್ತಿ ಗುಬ್ಬಿಗೆ ಹೋಗುವಾಗ ಚೀಲದಲ್ಲಿ ಒಂದು ಪೌಂಡು ಬ್ರೆಡ್ಡು, ಒಂದು ಪೊಟ್ಟಣ ರಸ್ಕು, ತಿಂಗಳಿಗೊಮ್ಮೆ ಶಕ್ತಿಗೆಂದು ಮಾಲ್ಟ್ ಪುಡಿಯ ಡಬ್ಬ ಇರುತ್ತಿದ್ದವು. ಬ್ರೆಡ್ಡೂ ರಸ್ಕೂ ಮೈದಾ. ಮಾಲ್ಟ್ ಪುಡಿ ಬಾರ್ಲಿ ಮತ್ತು ಗೋಧಿ. ಹಾಲಿನಲ್ಲಿ ಅದ್ದಿದ ಬ್ರೆಡ್ಡು ರೋಗಿಯ ಪಥ್ಯವೆಂದು ನಾವೆಲ್ಲ ನಂಬಿದ್ದೆವು. ಈಗಲೂ ಆಸ್ಪತ್ರೆಯ ಮುಂದಿನ ಅಂಗಡಿಗಳಲ್ಲಿ ಅದೇ ತೂಗಾಡುತ್ತಿರುತ್ತದೆ. ಒಂದು ದಿನ ತಂಗಿ, “ಅಣ್ಣ, ಇದನ್ನ ತರಬೇಡ. ಮುದ್ದೆ ಉಂಡ ದಿನವೇ ನನ್ನ ಹೊಟ್ಟೆ ಸುಮ್ಮನಿರುತ್ತೆ ಕಣಣ್ಣ” ಎಂದಳು. ನಾನು ನಕ್ಕು, “ಮೂಳೆ ಚಕ್ಕಳ ಆಗಿದ್ದೀಯ, ಮುದ್ದೆ ಜೀರ್ಣ ಆಗುತ್ತೇನಮ್ಮ ನಿನಗೆ? ಮನಸ್ಸು ಗಟ್ಟಿ ಮಾಡಿಕೋ” ಎಂದೆ. ಅಷ್ಟು ಹೊತ್ತಿಗೆ ಎಲ್ಲ ಪರೀಕ್ಷೆಗಳೂ ಮುಗಿದು, ಇದು ಮನಸ್ಸಿನ ಕಾಯಿಲೆಯೆಂಬ ಮಾತು ಮನೆಯೊಳಗೆ ಓಡಾಡುತ್ತಿತ್ತು. ಅದನ್ನು ಅವಳ ಮುಂದೆ ಬಾಯಿಬಿಟ್ಟು ಆಡಿದವನು ನಾನೊಬ್ಬನೇ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬ್ರೆಡ್ಡಿನ ಪೊಟ್ಟಣವನ್ನು ಒಳಗೆ ತೆಗೆದುಕೊಂಡು ಹೋದಳು.

ಈ ತಪ್ಪು ಎಷ್ಟು ಹಳೆಯದೆಂದು ಮುಂದೆ ಓದಿದಾಗ ತಿಳಿಯಿತು. ಸೀಲಿಯಾಕ್ ಎಂಬ ಪದ ಗ್ರೀಕರದು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅರಿಟೇಯಸ್ ಎಂಬ ವೈದ್ಯನು ಹೊಟ್ಟೆ ಎಂಬರ್ಥದ ಮಾತಿನಿಂದ ಆ ಹೆಸರು ಕೊಟ್ಟ. ಆಧುನಿಕ ಕಾಲದಲ್ಲಿ ಅದನ್ನು ಸ್ಪಷ್ಟವಾಗಿ ವರ್ಣಿಸಿದವರು ಲಂಡನ್ನಿನ ಸ್ಯಾಮ್ಯುಯೆಲ್ ಗೀ. 1887ರಲ್ಲಿ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿ ಉಪನ್ಯಾಸ ಕೊಟ್ಟು, 1888ರಲ್ಲಿ ಪ್ರಕಟಿಸಿದರು. ಗುಣವಾಗುವುದಾದರೆ ಆಹಾರದಿಂದಲೇ ಗುಣವಾಗಬೇಕೆಂದು ಆ ಮಹಾನುಭಾವರು ಸರಿಯಾಗಿ ಊಹಿಸಿದರು. ಆದರೆ ಯಾವ ಆಹಾರ? ಅನ್ನ, ಸಾಬೂದಾನಿ, ಜೋಳದ ಹಿಟ್ಟು ಕೂಡದೆಂದು ನಿಷೇಧಿಸಿ, ಮಾಲ್ಟ್ ಬೆರೆತ ಆಹಾರ, ರಸ್ಕು, ಎರಡೂ ಕಡೆ ಚೆನ್ನಾಗಿ ಸುಟ್ಟ ತೆಳ್ಳನೆಯ ಬ್ರೆಡ್ಡು ಮೇಲೆಂದು ಬರೆದರು! ತಿನ್ನಬಹುದಾದುದನ್ನು ಬಿಡಿಸಿ, ತಿನ್ನಬಾರದುದನ್ನು ಹಿಡಿಸಿದರು. ಇದನ್ನು ಓದಿದ ದಿನ ಪುಸ್ತಕವನ್ನು ಮಡಚಿಟ್ಟು ಬಹಳ ಹೊತ್ತು ಕುಳಿತಿದ್ದೆ. 1888ರ ಲಂಡನ್ನಿನ ಆ ಪಟ್ಟಿಗೂ 1998ರ ನನ್ನ ಭಾನುವಾರದ ಚೀಲಕ್ಕೂ ವ್ಯತ್ಯಾಸವೇ ಇರಲಿಲ್ಲ. ಗೀ ಅವರು ನೋಡಿದ ಒಂದು ಮಗು ದಿನಾಲೂ ಹಾಲೆಂಡಿನ ಕಪ್ಪೆಚಿಪ್ಪಿನ ಮಾಂಸವನ್ನೇ ತಿಂದು ಚೇತರಿಸಿಕೊಂಡು, ಅದರ ಕಾಲ ಮುಗಿದೊಡನೆ ಮತ್ತೆ ಕೃಶವಾಯಿತಂತೆ. ಉತ್ತರ ಕಣ್ಣೆದುರಿಗೇ ಇತ್ತು. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಬ್ರೆಡ್ಡನ್ನೂ ಧಾನ್ಯಗಳನ್ನೂ ಬಿಡಿಸಿ ಬಾಳೆಹಣ್ಣಿನ ಪಥ್ಯ ನೀಡಿ ಮಕ್ಕಳನ್ನು ಉಳಿಸಿದರು. ಕೀರ್ತಿ ಬಾಳೆಹಣ್ಣಿಗೆ ಹೋಯಿತು, ನಮ್ಮ ಮಜ್ಜಿಗೆಗೆ ಹೋದ ಹಾಗೆ.

ಅಪರಾಧಿಯನ್ನು ಹಿಡಿದವರು ಹಾಲೆಂಡಿನ ವಿಲ್ಲೆಮ್ ಕರೆಲ್ ಡಿಕೆ ಎಂಬ ಮಕ್ಕಳ ವೈದ್ಯರು. ಬ್ರೆಡ್ಡು ಬಿಡಿಸಿದರೆ ನನ್ನ ಮಗುವಿಗೆ ವಾಸಿಯಾಗುತ್ತದೆ ಎಂದು 1930ರ ದಶಕದಲ್ಲಿ ಒಬ್ಬ ತಾಯಿ ಹೇಳಿದ್ದನ್ನು ಅವರು ಕಿವಿಗೆ ಹಾಕಿಕೊಂಡರಂತೆ. ನಗಲಿಲ್ಲ, ನನ್ನ ಹಾಗೆ ಉಪದೇಶ ಮಾಡಲೂ ಇಲ್ಲ. 1944-45ರ ಚಳಿಗಾಲದಲ್ಲಿ ಜರ್ಮನರ ವಶದಲ್ಲಿದ್ದ ಹಾಲೆಂಡಿನಲ್ಲಿ ಕ್ಷಾಮ ಬಂತು. ಜನ ಟ್ಯುಲಿಪ್ ಹೂವಿನ ಗೆಡ್ಡೆ ತಿಂದರು. ಊರೆಲ್ಲ ಸೊರಗಿತು, ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು. ಯುದ್ಧ ಮುಗಿದು ಬ್ರೆಡ್ಡು ಬಂದಾಗ ಮತ್ತೆ ಮಲಗಿದರು. ಡಿಕೆ ತಮ್ಮ ಸಂಶೋಧನೆಯನ್ನು 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾನಿಲಯಕ್ಕೆ ಪ್ರಬಂಧವಾಗಿ ಒಪ್ಪಿಸಿದರು. ಮುಂದಿನದು ಬೇಗ ಬೇಗ ನಡೆಯಿತು. 1950ರ ದಶಕದಲ್ಲಿಯೇ ಬಾಯಿಯ ಮೂಲಕ ನಳಿಕೆಯಿಳಿಸಿ ಸಣ್ಣಕರುಳಿನ ಚೂರು ತೆಗೆದು ನೋಡುವ ವಿಧಾನ ಬಂತು. 1997ರಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ಕಿಣ್ವದ ಮೇಲೆಯೇ ದೇಹ ದಾಳಿ ಮಾಡುತ್ತದೆಂದು ಗೊತ್ತಾಗಿ, ಒಂದು ರಕ್ತಪರೀಕ್ಷೆಯಿಂದ ಸುಳಿವು ಹಿಡಿಯಲು ಸಾಧ್ಯವಾಯಿತು.

ಹಾಗಿದ್ದೂ ಗುಬ್ಬಿ ತುಮಕೂರುಗಳಲ್ಲಿ ಯಾರಿಗೂ ಏಕೆ ಹೊಳೆಯಲಿಲ್ಲ? ವೈದ್ಯರನ್ನು ಹಳಿದು ಪ್ರಯೋಜನವಿಲ್ಲ. ಭಾರತದಲ್ಲಿ 1960ರ ದಶಕದಿಂದಲೇ ಈ ಕಾಯಿಲೆ ವರದಿಯಾಗಿತ್ತು, ಆದರೆ ವರದಿಯಾದದ್ದು ಗೋಧಿಯುಣ್ಣುವ ಉತ್ತರದಲ್ಲಿ. ದಕ್ಷಿಣದಲ್ಲಿ ಅದೇ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಣ ಹಳ್ಳಿಗಳಲ್ಲಿ ಉಷ್ಣವಲಯದ ಸ್ಪ್ರೂ ಎಂಬ ಬೇರೊಂದು ಕರುಳಿನ ಕಾಯಿಲೆ ಸಾಂಕ್ರಾಮಿಕದಂತೆ ಹರಡಿ, ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬೇಕರ್, ಮಥಾನ್ ಮೊದಲಾದವರು ಅದನ್ನು ಆಳವಾಗಿ ಅಭ್ಯಸಿಸಿದ್ದರು. ಸೊರಗಿದ ರೋಗಿಯನ್ನು ಕಂಡರೆ ನಮ್ಮ ಕಡೆಯ ವೈದ್ಯರ ಮನಸ್ಸು ಸ್ಪ್ರೂ, ಕ್ಷಯ, ಜಂತುಹುಳು ಎಂದು ಓಡುವುದು ಸಹಜ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಮೂರು ಭಾಗಗಳಿಂದ 23,331 ಆರೋಗ್ಯವಂತ ವಯಸ್ಕರ ರಕ್ತ ಪರೀಕ್ಷಿಸಿದರು. ಉತ್ತರದಲ್ಲಿ ಸಾವಿರಕ್ಕೆ ಎಂಟೂವರೆ ಜನರಿಗೆ ಸೀಲಿಯಾಕ್. ಈಶಾನ್ಯದಲ್ಲಿ ನಾಲ್ಕೂಮುಕ್ಕಾಲರ ಸಮೀಪ. ದಕ್ಷಿಣದಲ್ಲಿ ಕೇವಲ 0.11. ಸ್ವಾರಸ್ಯವಿರುವುದು ಇಲ್ಲಿ: ಕಾಯಿಲೆಗೆ ಬೇಕಾದ ಅನುವಂಶೀಯ ಗುರುತು ಮೂರೂ ಕಡೆ ಹೆಚ್ಚುಕಡಿಮೆ ಸಮವಾಗಿ, ನೂರಕ್ಕೆ ಮೂವತ್ತರಿಂದ ನಲವತ್ತು ಜನರಲ್ಲಿತ್ತು. ಬೇರೆಯಾಗಿದ್ದದ್ದು ತಟ್ಟೆ. ಗೋಧಿಯ ಬಳಕೆ ಉತ್ತರದಲ್ಲಿ ದಿನಕ್ಕೆ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ.

2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಜನಸಂಖ್ಯೆ 26 ಲಕ್ಷ 78 ಸಾವಿರ ಚಿಲ್ಲರೆ. ಮಕ್ಕಳನ್ನು ಬಿಟ್ಟು ದಕ್ಷಿಣದ ಲೆಕ್ಕ ಹಾಕಿದರೆ ಸುಮಾರು ಇನ್ನೂರು ಜನ. ಇದು ನನ್ನ ಒರಟು ಗುಣಾಕಾರವಷ್ಟೆ. ಒಬ್ಬ ವೈದ್ಯರು ತಮ್ಮ ವೃತ್ತಿಜೀವನದಲ್ಲಿ ಒಬ್ಬರನ್ನೂ ನೋಡದಿರಬಹುದು, ಒಪ್ಪೋಣ. ಆದರೆ ನಮ್ಮ ಮನೆಗಳಲ್ಲಿ ಈಗ ಯಾರೂ 25 ಗ್ರಾಂ ಗೋಧಿ ತಿನ್ನುತ್ತಿಲ್ಲ. ಒಂದು ಚಪಾತಿಗೇ ಅಷ್ಟು ಹಿಟ್ಟು ಬೇಕು.

ತಂಗಿಗೆ ಬಾಗಿಲು ತೆರೆದದ್ದು 2008ರಲ್ಲಿ. ಅಂಗಳದಲ್ಲಿ ಜಾರಿ ಕೈಯೂರಿದ್ದಕ್ಕೆ ಮಣಿಕಟ್ಟಿನ ಮೂಳೆ ಮುರಿಯಿತು. ಅಷ್ಟಕ್ಕೆಲ್ಲ ಮುರಿಯಬಾರದಾಗಿತ್ತೆಂದು ಬೆಂಗಳೂರಿಗೆ ಕಳುಹಿಸಿದರು. ಅಲ್ಲಿ ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಹಳೆಯ ಕಡತಗಳನ್ನೆಲ್ಲ ಪಕ್ಕಕ್ಕಿಟ್ಟು, “ಅಮ್ಮಾ, ಬೆಳಗಿನಿಂದ ರಾತ್ರಿವರೆಗೆ ಏನೇನು ತಿನ್ನುತ್ತೀರಿ ಹೇಳಿ. ಯಾವುದನ್ನು ತಿಂದರೆ ಆಗುವುದಿಲ್ಲ ಎಂದು ನಿಮಗೇ ಅನ್ನಿಸಿದೆಯೇ?” ಎಂದು ಕೇಳಿದರು. ಹನ್ನೆರಡು ವರ್ಷಗಳಲ್ಲಿ ಅವಳನ್ನು ಆ ಪ್ರಶ್ನೆ ಕೇಳಿದವರು ಅವರೇ ಮೊದಲು. ನಾನು ಪಕ್ಕದಲ್ಲಿಯೇ ಇದ್ದೆ. ತಂಗಿ ಉತ್ತರ ಹೇಳುವ ಮೊದಲು ಒಮ್ಮೆ ನನ್ನ ಮುಖ ನೋಡಿದಳು. ರಕ್ತಪರೀಕ್ಷೆಯಲ್ಲಿ ಅಂಕಿ ಮಿತಿಯ ಹಲವು ಪಟ್ಟು ಬಂತು. ಎಂಡೋಸ್ಕೋಪಿ ಮಾಡಿ ಕರುಳಿನ ಚೂರುಗಳನ್ನು ತೆಗೆದು ನೋಡಿದರು. ಪೈರೆಲ್ಲ ಕೂಳೆಯಾಗಿತ್ತು. ಅಂದೇ ಗೋಧಿ ನಿಂತಿತು.

ಆರು ತಿಂಗಳಲ್ಲಿ ಏಳು ಕಿಲೋ ಏರಿದಳು. ರಕ್ತ ಹನ್ನೊಂದಕ್ಕೆ ಬಂದು ಅಲ್ಲಿಯೇ ನಿಂತಿತು. ನಮ್ಮ ಸಂತೋಷ ಹೇಳತೀರದು. ಆದರೆ ವರ್ಷ ಕಳೆಯುವಷ್ಟರಲ್ಲಿ ಮತ್ತೆ ಹೊಟ್ಟೆ ಉಬ್ಬರ. ಚಪಾತಿಯಿಲ್ಲ, ರವೆಯಿಲ್ಲ, ಬೇಕರಿಯ ಕಡೆ ತಲೆಹಾಕುವುದಿಲ್ಲ. ಮತ್ತೇನು? ಮೂರು ತಿಂಗಳು ಹುಡುಕಿದ ಮೇಲೆ ಸಿಕ್ಕ ಕಳ್ಳ ಒಗ್ಗರಣೆ ಡಬ್ಬಿಯಲ್ಲಿತ್ತು: ಇಂಗು. ಅಂಗಡಿಯಲ್ಲಿ ಸಿಗುವ ಕೂಡಿಕೆ ಇಂಗಿನಲ್ಲಿ ಅಪ್ಪಟ ಇಂಗು ಕಡಿಮೆ. ಉಳಿದದ್ದು ಅಂಟು ಮತ್ತು ಹಿಟ್ಟು, ಬಹಳಷ್ಟು ಬಾರಿ ಮೈದಾ ಹಿಟ್ಟೇ. ಸಾರು, ಹುಳಿ, ಉಪ್ಪಿನಕಾಯಿ, ಚಟ್ನಿಪುಡಿ, ಯಾವುದರಲ್ಲಿ ಇಂಗಿಲ್ಲ? ಎರಡನೆಯ ಕಳ್ಳ ಹಿಟ್ಟಿನ ಗಿರಣಿ. ಗುಬ್ಬಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿಯುತ್ತಾರೆ. ಮೊದಲ ಒಂದೆರಡು ಸೇರು ರಾಗಿ ಹಿಟ್ಟಿನಲ್ಲಿ ಗೋಧಿಯ ಪಾಲಿರುತ್ತದೆ. ಗ್ಲುಟೆನ್ ಇಲ್ಲದ ಆಹಾರವೆನ್ನಬೇಕಾದರೆ ಒಂದು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ; ಒಂದು ಹಿಡಿ ಗೋಧಿ ಹಿಟ್ಟು ಮೂಟೆ ರಾಗಿಯನ್ನು ಕೆಡಿಸಲು ಸಾಕು. ತಂಗಿಯ ಯಜಮಾನರು ಮನೆಗೇ ಒಂದು ಸಣ್ಣ ಗಿರಣಿ ಯಂತ್ರ ತಂದರು. ಅವರೂ ಚಪಾತಿ ಬಿಟ್ಟು ಮುದ್ದೆಯ ಅಳತೆ ಕಡಿಮೆ ಮಾಡಿಕೊಂಡರು. ಅವರ ಸಕ್ಕರೆ ಅದರಿಂದೇನೂ ಕೆಟ್ಟಿಲ್ಲ. ಮದುವೆಮನೆಗಳಿಗೆ ತಂಗಿ ತನ್ನ ಬುತ್ತಿ ತಾನೇ ಕಟ್ಟಿಕೊಂಡು ಹೋಗುತ್ತಾಳೆ. ಮಡಿಯೆಂದು ಕೆಲವರು, ಜಂಬವೆಂದು ಕೆಲವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಂಡವರು ಇದನ್ನು ಓದುತ್ತಿದ್ದರೆ ಇಲ್ಲಿಗೆ ಸಾಕುಮಾಡಲಿ. ಪೇಟೆಯಲ್ಲಿ ಕಪ್ಲಿ ಗೋಧಿಯೆಂದು, ಹಳೆಯ ತಳಿಯಾದ್ದರಿಂದ ದೋಷವಿಲ್ಲವೆಂದು ಹೇಳಿ ಅವಳಿಗೆ ಐದು ಕಿಲೋ ತಂದುಕೊಟ್ಟ ಬಂಧುವೂ ಇದ್ದಾರೆ. ಅದೂ ಗೋಧಿಯೇ, ಅದರಲ್ಲಿಯೂ ಗ್ಲುಟೆನ್ ಇದೆ.

ಇನ್ನು ಫೋನು ಮಾಡಿದವರ ಪ್ರಶ್ನೆಗೆ ಬರುತ್ತೇನೆ. ಇದು ವಂಶದಲ್ಲಿ ಹರಿಯುವ ಕಾಯಿಲೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಸುಮಾರು ಹತ್ತರಿಂದ ಹದಿಮೂರು ಮಂದಿಗೆ ಒಬ್ಬರಿಗೆ ಇರಬಹುದು, ಯಾವ ಲಕ್ಷಣವೂ ಕಾಣದೆಯೂ ಇರಬಹುದು. 2009ರಲ್ಲಿ ನಾನು ಪರೀಕ್ಷಿಸಿಕೊಂಡೆ, ಇಲ್ಲವೆಂದು ಬಂತು. ತಂಗಿಯ ಮಗಳಿಗೆ ಬರಿಯ ರಕ್ತಹೀನತೆಯಿತ್ತು, ಪರೀಕ್ಷೆಯಲ್ಲಿ ಸೀಲಿಯಾಕ್ ಹೌದೆಂದು ತಿಳಿಯಿತು. ಅವಳೂ ಗೋಧಿ ಬಿಟ್ಟಳು. ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಗ್ಲುಟೆನ್ ಬಿಡುವುದು ಒಂದು ಶೋಕಿಯೂ ಆಗಿದೆ. ಅಮ್ಮನ ಸುದ್ದಿ ಕೇಳಿದೊಡನೆ ತಾನೂ ಗೋಧಿ ಬಿಟ್ಟು, ಎರಡು ವರ್ಷಗಳ ನಂತರ ರಕ್ತ ಕೊಟ್ಟ. ಇಲ್ಲವೆಂದು ಬಂತು. ಆ ಇಲ್ಲ ಎಂಬುದಕ್ಕೆ ಬೆಲೆಯೇ ಇಲ್ಲವೆಂದರು ಅಲ್ಲಿನ ವೈದ್ಯರು. ಗೋಧಿ ತಿನ್ನುತ್ತಿದ್ದರೆ ಮಾತ್ರ ರಕ್ತದಲ್ಲಿ ಆ ಗುರುತು ಇರುತ್ತದೆ. ಬಿಟ್ಟರೆ ಅಳಿಸಿ ಹೋಗುತ್ತದೆ, ಕರುಳೂ ಚಿಗುರುತ್ತದೆ. ಅನುವಂಶೀಯ ಪರೀಕ್ಷೆಯೊಂದುಂಟು, ಅದಕ್ಕೆ ಗೋಧಿ ತಿನ್ನಬೇಕಾಗಿಲ್ಲ. ಗುರುತಿಲ್ಲವೆಂದು ಬಂದರೆ ಕಾಯಿಲೆಯಿಲ್ಲವೆಂದೇ ಹೇಳಬಹುದು. ಅವನಿಗೆ ಗುರುತಿದೆಯೆಂದು ಬಂತು. ನೂರಕ್ಕೆ ಮೂವತ್ತು ನಲವತ್ತು ಜನರಲ್ಲಿರುವ ಗುರುತು ಅದು, ಅದರಿಂದ ಏನೂ ತೀರ್ಮಾನವಾಗದು. ಮತ್ತೆ ಆರೆಂಟು ವಾರ ಗೋಧಿ ತಿಂದು ಬಾ ಎಂದರೆ ಅವನಿಗೆ ಧೈರ್ಯ ಬಾರದು. ಹದಿನಾಲ್ಕು ವರ್ಷಗಳಿಂದ ಹೌದೋ ಅಲ್ಲವೋ ತಿಳಿಯದೆ ಪಥ್ಯದಲ್ಲಿದ್ದಾನೆ. ಅವನ ಮಕ್ಕಳನ್ನು ಪರೀಕ್ಷಿಸಬೇಕೇ ಬೇಡವೇ ಎಂಬುದೂ ಹಾಗೆಯೇ ತೂಗಾಡುತ್ತಿದೆ.

ಆದುದರಿಂದ ನಮ್ಮ ಮನೆತನದಲ್ಲಿ ಯಾರಿಗಾದರೂ ಅನುಮಾನವಿದ್ದರೆ ಮೊದಲು ಪರೀಕ್ಷೆ, ಆ ಮೇಲೆ ಪಥ್ಯ. ಅದುವರೆಗೆ ದಿನವೂ ಗೋಧಿ ತಿನ್ನುತ್ತಿರಬೇಕು. ರಕ್ತ ಕೊಡುವಾಗ ಒಟ್ಟು ಐಜಿಎ ಎಂಬುದನ್ನೂ ನೋಡಿಸಬೇಕು. ಅದು ಹುಟ್ಟಿನಿಂದ ಕಡಿಮೆಯಿರುವ ಕೆಲವರಲ್ಲಿ ಮುಖ್ಯ ಪರೀಕ್ಷೆ ಸುಳ್ಳು ಹೇಳುತ್ತದೆ. ಮಕ್ಕಳಲ್ಲಿ ಅಂಕಿ ಮಿತಿಯ ಹತ್ತು ಪಟ್ಟು ಮೀರಿದ್ದು, ಎರಡನೆಯ ರಕ್ತಪರೀಕ್ಷೆಯೂ ಹೌದೆಂದರೆ ಎಂಡೋಸ್ಕೋಪಿ ಇಲ್ಲದೆಯೇ ನಿರ್ಧರಿಸಬಹುದೆಂದು ಯುರೋಪಿನ ಮಕ್ಕಳ ತಜ್ಞರ ಸಂಘ 2020ರಲ್ಲಿ ಹೇಳಿದೆ. ಇದನ್ನೆಲ್ಲ ನಿರ್ಧರಿಸಬೇಕಾದವರು ವೈದ್ಯರು, ನಾನಲ್ಲ.

ಮೊಮ್ಮಗಳು ಎರಡು ವರ್ಷಗಳಿಂದ ಎತ್ತರ ಬೆಳೆದಿಲ್ಲ. ಶಾಲೆಯಲ್ಲಿ ಗೆಳತಿಯರ ಡಬ್ಬಿಯಿಂದ ಗೋಧಿ ತಿನ್ನುತ್ತಿದ್ದಳಾದರೂ ಅದು ಎಷ್ಟೆಂಬ ಲೆಕ್ಕವಿಲ್ಲವಾದ್ದರಿಂದ, ಆರು ವಾರ ಕ್ರಮವಾಗಿ ತಿನ್ನಿಸಿ ಕರೆತನ್ನಿ ಎಂದರು. ಅಜ್ಜಿಯೂ ತಾಯಿಯೂ ಹಿಟ್ಟು ಮುಟ್ಟುವಂತಿಲ್ಲ. ಹಿತ್ತಲ ಜಗಲಿಯಲ್ಲಿ ಬೇರೆ ಸ್ಟೌ, ಬೇರೆ ಮಣೆ ಲಟ್ಟಣಿಗೆ ಇಟ್ಟುಕೊಂಡು ಚಪಾತಿ ಮಾಡುತ್ತಿರುವವರು ಅಳಿಯಂದಿರು. ಮೊನ್ನೆ ನಾನು ಹೋದಾಗ ಹುಡುಗಿ ತಟ್ಟೆಯನ್ನು ನನ್ನೆದುರು ಹಿಡಿದು, “ತಾತ, ಇವತ್ತು ಅಪ್ಪ ಯಾವ ರಾಜ್ಯದ ನಕ್ಷೆ ಮಾಡಿದಾರೆ, ಹೇಳಿ ನೋಡೋಣ” ಎಂದಳು. ಗುಜರಾತೆಂದೆ. ಅಲ್ಲವಂತೆ, ಒರಿಸ್ಸಾ. ಸೋಮವಾರ ರಕ್ತ ಕೊಡಲು ಹೋಗುತ್ತಾರೆ. ನಾನೂ ಜೊತೆಗೆ ಹೋಗುತ್ತಿದ್ದೇನೆ, ಬರಿಗೈಯಲ್ಲಿ.